ರಾಮಾಪುರ ಸೀಮೆಯ ಸರ್ಕಾರಿ ಶಾಲೆಗಳೂ ಪೋಷಕರ ಕೊಡುಗೆಯೂ

೧

ಊರಿನ ಸರ್ಕಾರಿ ಶಾಲೆಗೆ ಮಕ್ಕಳ ತಂದೆತಾಯಿಗಳು ಗೋಡೆಯ ಗಡಿಯಾರವನ್ನೋ, ಜಮಖಾನೆಯನ್ನೋ, ಸೀಮೆಸುಣ್ಣದ ಪೆಟ್ಟಿಗೆಯನ್ನೋ, ಬೀರುವನ್ನೋ, ಊಟದ ತಟ್ಟೆಗಳನ್ನೋ ತಂದುಕೊಡುವುದು ನಮ್ಮ ನಾಡಿನಲ್ಲಿ ಎಲ್ಲರಿಗೂ ಪರಿಚಿತವಾದ ಸಂಗತಿ. ಕೊಟ್ಟವರ ಹೆಸರನ್ನು ವಸ್ತುವಿನ ಮೇಲೆ ಬಣ್ಣದಲ್ಲಿ ಬರೆಸುವ ವಾಡಿಕೆಯೂ ಉಂಟು. ಮೇಲುನೋಟಕ್ಕೆ ಇದು ಬರಿಯ ಔದಾರ್ಯವೆಂದು ತೋರುತ್ತದೆ. ಆದರೆ ಕೊಡುಗೆ ಎಂಬ ಮಾತು ಸಾರ್ಥಕವಾಗಬೇಕಾದರೆ ಕೊಡದಿರುವ ಸ್ವಾತಂತ್ರ್ಯವೂ ಕೊಡುವವನಿಗೆ ಇರಬೇಕು. ಆ ಸ್ವಾತಂತ್ರ್ಯವಿಲ್ಲದಲ್ಲಿ ಕೊಡುಗೆಯು ತೆರಿಗೆಯಾಗುತ್ತದೆ; ಬೇರೊಬ್ಬರು ತೀರಿಸಬೇಕಾದ ಋಣವನ್ನು ಬಡವನು ತೀರಿಸಿದಂತಾಗುತ್ತದೆ. ಈ ಎರಡರ ನಡುವಣ ಗೆರೆ ನಮ್ಮ ಶಿಕ್ಷಣದ ಇತಿಹಾಸದಲ್ಲಿ ಯಾವಾಗ ಎಲ್ಲಿ ಹಾದುಹೋಗಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ರಾಮಾಪುರ ಸೀಮೆಯನ್ನು ನಾವು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿರುವ ಈ ಹೋಬಳಿ ಮೊದಲು ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲ ಸೀಮೆಯು ಇಂಗ್ಲಿಷ್ ಕಂಪನಿಯ ವಶವಾಗಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಸೇರಿಹೋಯಿತು. ನೆರೆಯ ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿಯೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರುವ ತನಕ, ಒಂದೇ ಭಾಷೆಯನ್ನಾಡುತ್ತ ಒಂದೇ ಬೆಟ್ಟದ ದೇವರಿಗೆ ನಡೆದುಕೊಳ್ಳುತ್ತಿದ್ದ ಈ ನೆರೆಹೊರೆಯ ಜನ ಎರಡು ಬೇರೆ ಬೇರೆ ಶಾಲಾ ಕಾನೂನುಗಳ ಅಡಿಯಲ್ಲಿ ಬಾಳಿದರು. ಆದುದರಿಂದ ಶಾಲೆಯ ವೆಚ್ಚವನ್ನು ಹೊರುವವರು ಯಾರೆಂಬ ಪ್ರಶ್ನೆಗೆ ದೊರೆತ ಬಗೆಬಗೆಯ ಉತ್ತರಗಳು ಇಲ್ಲಿ ಒಂದೆಡೆ ಕಾಣಸಿಗುತ್ತವೆ.

೨

ವಿದ್ಯೆಗಾಗಿ ದತ್ತಿ ಬಿಡುವುದು ಈ ನದೀಪ್ರಾಂತಕ್ಕೆ ಹೊಸದಲ್ಲ. ಹೊಯ್ಸಳ ಮೂರನೆಯ ನರಸಿಂಹನ ಮಂತ್ರಿಯಾಗಿದ್ದ ಪೆರುಮಾಳೆ ದಂಡನಾಯಕನು ೧೨೯೦ರಲ್ಲಿ ತಿರುಮಕೂಡಲು ನರಸೀಪುರ ಸೀಮೆಯ ಮೈಲಂಗೆಯಲ್ಲಿ ವಿದ್ಯಾಭ್ಯಾಸಕ್ಕಾಗಿ ದತ್ತಿಯನ್ನು ಬಿಟ್ಟನು. ಬಾಲಕರಿಗೆ ನಾಗರ, ಕನ್ನಡ, ತಿಗುಳ, ಆರ್ಯ ಎಂಬ ನಾಲ್ಕು ಬಗೆಯ ಓದನ್ನು ಕಲಿಸುವ ಏರ್ಪಾಡು ಅದರಲ್ಲಿತ್ತು. ಇಲ್ಲಿ ಗಮನಿಸತಕ್ಕದ್ದು ದಾನದ ಸ್ವರೂಪ. ಶಾಸನಗಳಲ್ಲಿ ಕಾಣುವ ವಿದ್ಯಾದಾನವು ಒಮ್ಮೆ ಕೊಟ್ಟು ಮುಗಿಸುವ ವಸ್ತುವಲ್ಲ, ವರ್ಷವರ್ಷವೂ ಬರುವ ಹುಟ್ಟುವಳಿ. ಕಲಿಸುವ ಕೆಲಸ ವರ್ಷಾವಧಿ ನಡೆಯತಕ್ಕದ್ದಾದುದರಿಂದ ಅದರ ಆಧಾರವೂ ವರ್ಷಾವಧಿ ಇರಬೇಕೆಂಬ ತಿಳಿವಳಿಕೆ ಆ ದಾನಿಗಳಿಗೆ ಇದ್ದಿತು.

ಇಂಥ ದತ್ತಿಗಳಿಲ್ಲದ ಊರುಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದುದು ಕೂಲಿಮಠ. ಐಗಳು ಜಗಲಿಯ ಮೇಲೋ ಗುಡಿಯ ಮುಂದೋ ಮಕ್ಕಳನ್ನು ಕೂಡಿಸಿಕೊಳ್ಳುತ್ತಿದ್ದರು; ಮನೆಗಳವರು ಹಣವನ್ನೋ ಧಾನ್ಯವನ್ನೋ ವರ್ತನೆಯಾಗಿ ಕೊಡುತ್ತಿದ್ದರು. ಮದರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ಶಾಲೆಗಳ ಲೆಕ್ಕವನ್ನು ತರಿಸಿದಾಗ, ಕೊಯಮತ್ತೂರು ಜಿಲ್ಲೆಯಿಂದ ೭೬೩ ಶಾಲೆಗಳೂ ಅವುಗಳಲ್ಲಿ ೮,೨೦೬ ವಿದ್ಯಾರ್ಥಿಗಳೂ ಇರುವುದಾಗಿ ವರದಿ ಹೋಯಿತು. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೊಂದು ಮಕ್ಕಳು. ಅದೇ ಆಧಿಪತ್ಯಕ್ಕೆ ಸೇರಿದ್ದ ಕನ್ನಡದ ಮತ್ತೊಂದು ಜಿಲ್ಲೆಯಾದ ಬಳ್ಳಾರಿಯಿಂದ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಬರೆದ ವರದಿ ಇನ್ನೂ ವಿವರವಾದುದು. ಅಲ್ಲಿದ್ದ ೫೩೩ ಶಾಲೆಗಳಲ್ಲಿ ಒಂದಕ್ಕಾದರೂ ಸರ್ಕಾರದ ಆಧಾರವಿಲ್ಲವೆಂದೂ, ದೇಶವು ಬಡವಾಗುತ್ತಿರುವುದರಿಂದ ತಂದೆತಾಯಿಗಳು ಮಕ್ಕಳನ್ನು ಓದಿನಿಂದ ಬಿಡಿಸಿ ದುಡಿಮೆಗೆ ಹಚ್ಚುತ್ತಿರುವರೆಂದೂ ಆತನು ಮುಚ್ಚುಮರೆಯಿಲ್ಲದೆ ಬರೆದನು.

ಕೂಲಿಮಠದ ಸಾಮಗ್ರಿಗಳು ಯಾವುವು? ಮೊದಲು ಮರಳು, ಆಮೇಲೆ ಹಲಗೆ, ಕಡತ, ಬಳಪ, ಓಲೆ, ಕಂಠ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿದರೆ ಕಡತವಾಗುತ್ತಿತ್ತು. ಬರೆದುದನ್ನು ಅಳಿಸಿ ಮತ್ತೆ ಮಸಿ ಬಳಿದರೆ ಅದೇ ಕಡತ ಹೊಸತಾಗುತ್ತಿತ್ತು. ಇವೆಲ್ಲವೂ ಮನೆಯಲ್ಲಿಯೋ ಊರಿನಲ್ಲಿಯೋ ಆಗತಕ್ಕ ವಸ್ತುಗಳು. ಆದುದರಿಂದ ಸಾಮಗ್ರಿಯ ಕೊರತೆಯು ಕೂಲಿಮಠಕ್ಕೆ ದೊಡ್ಡ ಕೊರತೆಯಾಗಿರಲಿಲ್ಲ. ಅದರ ನಿಜವಾದ ಕೊರತೆ ಬೇರೆ. ವರ್ತನೆಯನ್ನು ಕೊಡಬಲ್ಲವರ ಮಕ್ಕಳು ಬಂದರು. ಕೊಡಲಾರದವರ ಮಕ್ಕಳೂ, ಜಾತಿಯ ಕಾರಣದಿಂದ ಜಗಲಿಯನ್ನು ಏರಲಾರದವರ ಮಕ್ಕಳೂ, ಬಹುಮಟ್ಟಿಗೆ ಎಲ್ಲ ಹೆಣ್ಣುಮಕ್ಕಳೂ ಹೊರಗುಳಿದರು. ಶಾಲೆಯು ಮನೆಗಳ ಶಕ್ತಿಯನ್ನು ಮಾತ್ರ ನೆಚ್ಚಿಕೊಂಡಾಗ ಅದರ ಬಾಗಿಲು ಎಷ್ಟು ಅಗಲವಾಗಬಲ್ಲುದೆಂಬುದಕ್ಕೆ ಇದೇ ನಿದರ್ಶನ.

೩

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವರ್ತನೆಯ ಸ್ಥಾನವನ್ನು ತೆರಿಗೆಯು ಆಕ್ರಮಿಸತೊಡಗಿತು. ಈ ಮಾರ್ಪಾಟಿನ ಮೊದಲ ಹೆಜ್ಜೆ ಸ್ವಾರಸ್ಯವಾದುದು. ಮದರಾಸು ಆಧಿಪತ್ಯದ ಗೋದಾವರಿ ಪ್ರಾಂತದಲ್ಲಿ ಉಪಕಲೆಕ್ಟರನಾಗಿದ್ದ ಜಿ. ಎನ್. ಟೇಲರ್ ಎಂಬವನ ಪ್ರೇರಣೆಯಿಂದ, ೧೮೫೦ರ ದಶಕದಲ್ಲಿ, ನರಸಾಪುರದ ಕಡೆಯ ಹಳ್ಳಿಗರು ಶಾಲೆಗಳಿಗಾಗಿ ಕಂದಾಯದೊಡನೆ ಒಂದಿಷ್ಟು ಹಣ ಕೊಡಲು ಒಪ್ಪಿದರು. ಒಪ್ಪಿಗೆಯಿಂದ ಹುಟ್ಟಿದ ಈ ವಂತಿಗೆಗೆ ೧೮೬೩ರ ಮದರಾಸು ಶಿಕ್ಷಣ ಕಾಯಿದೆಯು ಕಾನೂನಿನ ಬಲವನ್ನು ಕೊಟ್ಟಿತು. ಸ್ವಂತ ಇಚ್ಛೆಯಿಂದ ಕೊಟ್ಟುದು ಹೀಗೆ ಕಡ್ಡಾಯದ ಕಡೆಗೆ ಸರಿಯಿತು. ೧೮೭೧ರ ಸ್ಥಳೀಯ ನಿಧಿ ಕಾಯಿದೆಯಲ್ಲಿ ಶಾಲೆಗಳಿಗಾಗಿ ಮನೆಗಂದಾಯವನ್ನು ಎತ್ತಲು ಅವಕಾಶ ಮಾಡಿದಾಗ ಜನರ ಅಸಮಾಧಾನ ಎಷ್ಟಾಯಿತೆಂದರೆ, ಸರ್ಕಾರವು ಅದನ್ನು ಬಹುಬೇಗ ಕೈಬಿಡಬೇಕಾಯಿತು. ಮನೆಯ ಮುಂದೆ ನಿಂತು ವಸೂಲು ಮಾಡುವ ಶಾಲೆಯನ್ನು ಜನ ತಮ್ಮದೆಂದು ಭಾವಿಸಲಿಲ್ಲ.

ಅನಂತರ ೧೮೮೪ರ ಮತ್ತು ೧೯೨೦ರ ಕಾಯಿದೆಗಳ ಪ್ರಕಾರ ತಾಲ್ಲೂಕು ಬೋರ್ಡುಗಳೂ ಜಿಲ್ಲಾ ಬೋರ್ಡುಗಳೂ ಹಳ್ಳಿಯ ಶಾಲೆಗಳ ಹೊಣೆಯನ್ನು ಹೊತ್ತವು. ೧೯೨೦ರ ಪ್ರಾಥಮಿಕ ಶಿಕ್ಷಣ ಕಾಯಿದೆಯು ವಿದ್ಯಾತೆರಿಗೆಗೂ ದಾರಿಮಾಡಿತು. ೧೯೩೪ರಲ್ಲಿ ತಾಲ್ಲೂಕು ಬೋರ್ಡುಗಳು ರದ್ದಾದ ಮೇಲೆ, ಕಾಡಿನ ಅಂಚಿನಲ್ಲಿರುವ ರಾಮಾಪುರದಂಥ ಕನ್ನಡದ ಊರುಗಳಿಗೆ ಜಿಲ್ಲಾ ಬೋರ್ಡಿನ ಕಚೇರಿ ಮತ್ತಷ್ಟು ದೂರವಾಯಿತು. ತಮಿಳು ಪ್ರಧಾನವಾದ ಜಿಲ್ಲೆಯ ಕೊನೆಯ ಮೂಲೆಯಲ್ಲಿ ಕನ್ನಡ ಶಾಲೆಯೊಂದಿದ್ದರೆ, ಅದಕ್ಕೆ ಬೇಕಾದ ಪುಸ್ತಕವೂ ಉಪಾಧ್ಯಾಯರೂ ಜಿಲ್ಲೆಯ ಉಳಿದೆಡೆಗಿಂತ ಬೇರೆಯೇ ಆಗಿರಬೇಕಷ್ಟೆ!

ಗಡಿಯ ಆಚೆಗೆ, ಮೈಸೂರು ಸಂಸ್ಥಾನದಲ್ಲಿ, ಬಿ. ಲೂಯಿ ರೈಸರು ಸೂಚಿಸಿದ ಹೋಬಳಿ ಶಾಲೆಗಳ ಯೋಜನೆಯು ೧೮೬೮ರಲ್ಲಿ ಮಂಜೂರಾಯಿತು. ಅಲ್ಲಿಯೂ ಕಂದಾಯದೊಡನೆ ಬರುವ ಸ್ಥಳೀಯ ಕರವೇ ಆಧಾರ. ೧೯೧೩ರಲ್ಲಿ ಕಡ್ಡಾಯ ಶಿಕ್ಷಣದ ನಿಬಂಧನೆ ಬಂದಿತು. ೧೯೩೦ರ ನಿಬಂಧನೆಯು ಪ್ರಾಥಮಿಕ ಶಾಲೆಗಳನ್ನು ಜಿಲ್ಲಾ ಬೋರ್ಡುಗಳಿಗೆ ಒಪ್ಪಿಸಿತು. ೧೯೪೧ರಲ್ಲಿ ಸರ್ಕಾರವು ಅವನ್ನು ಮತ್ತೆ ತಾನೇ ವಹಿಸಿಕೊಂಡಿತು. ಎರಡು ಆಡಳಿತಗಳ ಹಾದಿ ಬೇರೆಯಾದರೂ ಅನುಭವವೊಂದೇ: ಸ್ಥಳೀಯ ವಂತಿಗೆಯನ್ನು ನೆಚ್ಚಿದರೆ ಬಡಸೀಮೆಯ ಶಾಲೆ ಬಡವಾಗಿಯೇ ಉಳಿಯುವುದು.

೪

೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೪೫ನೆಯ ಅನುಚ್ಛೇದವು ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಒದಗಿಸಲು ಯತ್ನಿಸಬೇಕೆಂದು ರಾಜ್ಯಕ್ಕೆ ವಿಧಿಸಿತು. ಗುರಿ ದೊಡ್ಡದು, ಬೊಕ್ಕಸ ಸಣ್ಣದು. ಈ ಅಂತರವನ್ನು ತುಂಬಲು ಮದರಾಸು ರಾಜ್ಯವು ಜನರನ್ನೇ ಕರೆಯಿತು. ಕಾಮರಾಜರು ಮುಖ್ಯಮಂತ್ರಿಗಳಾಗಿಯೂ ಎನ್. ಡಿ. ಸುಂದರವಡಿವೇಲು ಅವರು ಶಿಕ್ಷಣ ಇಲಾಖೆಯ ನಿರ್ದೇಶಕರಾಗಿಯೂ ಇದ್ದಾಗ, ೧೯೫೮ರಲ್ಲಿ, ಚೆಂಗಲ್‌ಪಟ್ಟು ಜಿಲ್ಲೆಯ ಕಡಂಬತ್ತೂರಿನಲ್ಲಿ ಶಾಲಾಸುಧಾರಣಾ ಸಮ್ಮೇಳನಗಳ ಆಂದೋಲನವು ಮೊದಲಾಯಿತು. ಊರವರು ಬೆಂಚು, ಕರಿಹಲಗೆ, ಗಡಿಯಾರ, ಮಕ್ಕಳ ಉಡುಪು, ಕಟ್ಟಡ ಮುಂತಾದುವನ್ನು ಸಭೆಯಲ್ಲಿ ಒಪ್ಪಿಸಿದರು. ಕೊಳ್ಳೇಗಾಲವು ಆ ರಾಜ್ಯವನ್ನು ಬಿಟ್ಟು ಆಗ ಎರಡು ವರ್ಷವೂ ತುಂಬಿರಲಿಲ್ಲ. ಆ ಆಂದೋಲನದ ಹುರುಪಿನಲ್ಲಿ ಈ ಸೀಮೆಗೆ ಪಾಲು ದೊರೆಯಲಿಲ್ಲವೆಂಬುದು ಇತಿಹಾಸದ ಒಂದು ತಿರುವು.

ನಮ್ಮ ರಾಜ್ಯದಲ್ಲಿ ಪೋಷಕರ ಸ್ಥಾನವನ್ನು ಹೊಸದಾಗಿ ನಿರ್ಧರಿಸಿದುದು ೨೦೦೧ರ ಏಪ್ರಿಲ್ ೨೮ರ ಸರ್ಕಾರಿ ಆದೇಶ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯನ್ನು ಅನುಸರಿಸಿ, ಅದು ಪ್ರತಿಯೊಂದು ಸರ್ಕಾರಿ ಶಾಲೆಗೂ ಪೋಷಕರು ತುಂಬಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಏರ್ಪಡಿಸಿತು. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ವಿಧಿಸಿತು. ಸಮಿತಿಗೆ ಕಾಯಿದೆ ವಹಿಸಿದ ಮುಖ್ಯ ಕೆಲಸಗಳಾದರೋ ಶಾಲೆಯ ನಡವಳಿಯನ್ನು ನೋಡಿಕೊಳ್ಳುವುದು, ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಅನುದಾನದ ವಿನಿಯೋಗವನ್ನು ಪರಿಶೀಲಿಸುವುದು. ಕಲಿಕೆಯ ಉಪಕರಣ, ಪುಸ್ತಕಭಂಡಾರ, ಆಟದ ಸಾಮಾನು ಇವು ಪ್ರತಿ ಶಾಲೆಗೂ ಒದಗಬೇಕೆಂದು ಅದೇ ಕಾಯಿದೆಯ ಅನುಸೂಚಿ ಹೇಳುತ್ತದೆ. ಎಂದರೆ ಕಾನೂನು ಪೋಷಕನನ್ನು ಕರೆದುದು ಲೆಕ್ಕ ಕೇಳುವವನನ್ನಾಗಿ. ಲೆಕ್ಕ ತುಂಬುವವನನ್ನಾಗಿ ಅಲ್ಲ.

ಈ ಹಿನ್ನೆಲೆಯಲ್ಲಿ ೨೦೨೨ರ ಅಕ್ಟೋಬರಿನ ಪ್ರಸಂಗವನ್ನು ನೋಡಬೇಕು. ಸರ್ಕಾರಿ ಶಾಲೆಗಳ ಈ ಸಮಿತಿಗಳು ಪೋಷಕರಿಂದ ತಿಂಗಳಿಗೆ ೧೦೦ ರೂಪಾಯಿಯವರೆಗೆ ಸ್ವಯಂಪ್ರೇರಿತ ದೇಣಿಗೆಯನ್ನು ಸಂಗ್ರಹಿಸಬಹುದೆಂದು ಶಿಕ್ಷಣ ಇಲಾಖೆಯ ಸುತ್ತೋಲೆಯೊಂದು ಹೊರಟಿತು. ರಾಜ್ಯದಾದ್ಯಂತ ಆಕ್ಷೇಪಣೆ ಎದ್ದಿತು. ಕೆಲವೇ ದಿನಗಳಲ್ಲಿ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಲಾಯಿತು.

೫

ನೂರು ರೂಪಾಯಿಗೆ ಇಷ್ಟು ಗದ್ದಲವೇಕೆ ಎಂದು ಕೇಳುವವರುಂಟು. ಲೆಕ್ಕವನ್ನೇ ನೋಡೋಣ. ೨೦೧೮ರಲ್ಲಿ ಮೊದಲಾದ ಸಮಗ್ರ ಶಿಕ್ಷಣ ಯೋಜನೆಯ ಪರಿಷ್ಕೃತ ನಿಯಮದಂತೆ, ಮೂವತ್ತರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ೧೦,೦೦೦ ರೂಪಾಯಿಯೂ, ಮೂವತ್ತೊಂದರಿಂದ ನೂರರವರೆಗೆ ಮಕ್ಕಳಿದ್ದರೆ ೨೫,೦೦೦ ರೂಪಾಯಿಯೂ ಸಂಯುಕ್ತ ಅನುದಾನವಾಗಿ ಸಲ್ಲುತ್ತದೆ. ಇದರಲ್ಲಿ ಹತ್ತನೆಯ ಒಂದು ಪಾಲಾದರೂ ಶುಚಿತ್ವಕ್ಕೆ ಮೀಸಲು. ಮೂವತ್ತು ಮಕ್ಕಳ ಶಾಲೆಗೆ ಉಳಿಯುವುದು ೯,೦೦೦ ರೂಪಾಯಿ, ತಿಂಗಳಿಗೆ ೭೫೦. ಸೀಮೆಸುಣ್ಣ, ಕಾಗದ, ಸಣ್ಣ ರಿಪೇರಿ ಎಲ್ಲವೂ ಇದರಲ್ಲಿಯೇ ಸಾಗಬೇಕು. ಅದೇ ಶಾಲೆಯ ಮೂವತ್ತು ಮಕ್ಕಳ ಮನೆಗಳವರು ತಿಂಗಳಿಗೆ ನೂರರಂತೆ ಕೊಟ್ಟರೆ ವರ್ಷಕ್ಕೆ ೩೬,೦೦೦ ರೂಪಾಯಿಯಾಗುತ್ತದೆ. ಮಳೆಯನ್ನು ನಂಬಿದ ಹೊಲ, ಕೂಲಿಯನ್ನು ನಂಬಿದ ಬಾಳು ಇವುಗಳ ನಡುವೆ ಇರುವ ಮನೆಗಳು, ಈ ಅನುದಾನದ ಮೂರೂವರೆ ಪಟ್ಟಿಗಿಂತ ಹೆಚ್ಚನ್ನು ತೆತ್ತಂತಾಯಿತು. ಇದನ್ನು ದೇಣಿಗೆಯೆಂದು ಕರೆದರೆ ಮಾತು ತನ್ನ ಅರ್ಥವನ್ನು ಕಳೆದುಕೊಳ್ಳುತ್ತದೆ.

ಇನ್ನೊಂದು ವಿಷಮತೆಯೂ ಇದೆ. ಅನುಕೂಲಸ್ಥರಿರುವ ಪಟ್ಟಣದ ಶಾಲೆಗೆ ಕೊಡುಗೆ ತಾನಾಗಿ ಬರುತ್ತದೆ. ಕಾಡಿನಂಚಿನ ಹಾಡಿಯ ಶಾಲೆಗೆ ಬರುವುದಿಲ್ಲ. ಎಲ್ಲಿ ಬೇಕೋ ಅಲ್ಲಿ ಕೊಡಬಲ್ಲವರಿಲ್ಲ, ಎಲ್ಲಿ ಕೊಡಬಲ್ಲವರುಂಟೋ ಅಲ್ಲಿ ಅಗತ್ಯ ಕಡಿಮೆ. ಕೊಡುಗೆಯನ್ನೇ ಆಧಾರಸ್ತಂಭ ಮಾಡಿಕೊಂಡರೆ ಕೂಲಿಮಠದ ಕಾಲದ ಅಸಮತೆ ಹೊಸ ವೇಷದಲ್ಲಿ ಹಿಂದಿರುಗುತ್ತದೆ.

ಹಾಗೆಂದು ಕೊಡುವ ಕೈಯನ್ನು ನಾವು ಹಿಡಿಯಬೇಕೆನ್ನುವುದಿಲ್ಲ. ಮಲೆಯ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ನೀರು ಅನ್ನಗಳನ್ನು ನೀಡುವ ಈ ಸೀಮೆಯ ಜನಕ್ಕೆ ಕೊಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಶಾಲೆಯ ಅಂಗಳವನ್ನು ಹಸನು ಮಾಡುವ, ಗೋಡೆಗೆ ಸುಣ್ಣ ಬಳಿಯುವ, ಗಿಡಕ್ಕೆ ಬೇಲಿ ಕಟ್ಟುವ ಮೈದುಡಿಮೆಯೂ ದೊಡ್ಡ ಕೊಡುಗೆಯೇ. ಅದರಿಂದ ಶಾಲೆ ಊರಿನದಾಗುತ್ತದೆ. ನಮ್ಮ ವಾದವಿಷ್ಟು: ಕೊಡುಗೆಯು ಸರ್ಕಾರ ಕೊಡಬೇಕಾದುದರ ಮೇಲೆ ಸೇರಬೇಕು, ಅದರ ಬದಲಿಗೆ ನಿಲ್ಲಬಾರದು. ಬಂದ ವಸ್ತು ಶಾಲೆಯ ದಾಸ್ತಾನು ವಹಿಯಲ್ಲಿ ದಾಖಲಾಗಬೇಕು. ಕೊಡಲಾರದ ಮನೆಯ ಮಗುವಿನ ಹೆಸರು ಯಾವ ಪಟ್ಟಿಯಲ್ಲಿಯೂ ಎದ್ದು ಕಾಣಬಾರದು. ಊರು ಕೊಟ್ಟಿತೆಂಬ ಕಾರಣದಿಂದ ಅನುದಾನ ಕುಗ್ಗಬಾರದು.

ಗೋದಾವರಿಯ ಹಳ್ಳಿಗಳಲ್ಲಿ ಒಪ್ಪಿಗೆಯ ವಂತಿಗೆ ಕಾಯಿದೆಯಾದುದನ್ನೂ, ಮನೆಗಂದಾಯಕ್ಕೆ ಜನ ಬೆನ್ನು ತಿರುಗಿಸಿದುದನ್ನೂ ನಾವು ಕಂಡೆವು. ಏಳು ನೂರು ವರ್ಷಗಳ ಹಿಂದಿನ ಮೈಲಂಗೆಯ ದತ್ತಿಯು, ಕಲಿಸುವ ಕೆಲಸಕ್ಕೆ ವರ್ಷವರ್ಷವೂ ತಪ್ಪದೆ ಬರುವ ಆಧಾರ ಬೇಕೆಂಬುದನ್ನು ಅರಿತಿದ್ದಿತು. ಅಂದು ಆ ಆಧಾರವನ್ನು ಒದಗಿಸಿದವನು ದಂಡನಾಯಕ. ಇಂದು ಅದನ್ನು ಒದಗಿಸಬೇಕಾದುದು ನಾವೆಲ್ಲರೂ ತೆರಿಗೆ ತೆತ್ತು ನಡೆಸುತ್ತಿರುವ ಸರ್ಕಾರ. ರಾಮಾಪುರದ ತಾಯಿಯೊಬ್ಬಳು ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೊಂಡಾಗಲೂ ಆ ತೆರಿಗೆಯಲ್ಲಿ ತನ್ನ ಪಾಲನ್ನು ತೆತ್ತಿರುತ್ತಾಳೆ. ಆಮೇಲೆ ಆಕೆ ಶಾಲೆಗೆ ಸೀಮೆಸುಣ್ಣದ ಪೆಟ್ಟಿಗೆಯೊಂದನ್ನು ತಂದರೆ ಅದು ಆಕೆಯ ಪ್ರೀತಿ. ತರದಿದ್ದರೆ ಆಕೆಯ ಮೇಲೆ ಯಾವ ಬಾಕಿಯೂ ಇಲ್ಲ.