ಫಿಟ್ಸ್ ಎಷ್ಟು ಸಲ ಬಂತು?

ಮುನಿರ್ಕಾದ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಕಳೆದ ಚಳಿಗಾಲದ ಒಂದು ರಾತ್ರಿ, ಮಗಳು ನೀರಿನ ಲೋಟ ಬೀಳಿಸಿದ್ದಕ್ಕೆ ಕೂಗಾಡಿಬಿಟ್ಟೆ. ಅವಳು ಅಳುತ್ತ ಒಳಗೆ ಹೋದಳು. ಹೆಂಡತಿ ಮೆಲ್ಲಗೆ, "ಮಾತ್ರೆ ಬದಲಾದಾಗಿನಿಂದ ನಿಮ್ಮ ಸ್ವಭಾವವೇ ಬೇರೆಯಾಗಿದೆ ರೀ" ಎಂದಳು.

ಎರಡು ತಿಂಗಳಿಂದ ಲೆವೆಟಿರಾಸೆಟಮ್ ನುಂಗುತ್ತಿದ್ದೆ. ಫಿಟ್ಸ್ ಒಂದೂ ಬಂದಿರಲಿಲ್ಲ. ವೈದ್ಯರು ಕೇಳುತ್ತಿದ್ದುದೂ ಅದನ್ನೇ: ಎಷ್ಟು ಸಲ ಬಂತು? ಇಲ್ಲವೆಂದರೆ ಅದೇ ಚೀಟಿ ಮುಂದುವರಿಯುತ್ತಿತ್ತು. ಸಿಟ್ಟು ಬರುವುದನ್ನು ನಾನು ಪ್ರಾಜೆಕ್ಟಿನ ಡೆಡ್‌ಲೈನ್ ತಲೆಗೆ ಕಟ್ಟಿದ್ದೆ. ಆ ರಾತ್ರಿಯಿಂದ ಈ ಮಾತ್ರೆಗಳ ಚರಿತ್ರೆ ಓದತೊಡಗಿದೆ.

1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಎಂಬ ವೈದ್ಯ ಪೊಟ್ಯಾಸಿಯಂ ಬ್ರೋಮೈಡಿನಿಂದ ಮೂರ್ಛೆ ಕಡಿಮೆಯಾದದ್ದನ್ನು ವೈದ್ಯರ ಸಭೆಯೊಂದರಲ್ಲಿ ಹೇಳಿದ. ಅದು ಮೊದಲ ಪರಿಣಾಮಕಾರಿ ಔಷಧ. ಆದರೆ ಹೆಚ್ಚು ತೆಗೆದುಕೊಂಡವರಿಗೆ ಮಂಪರು, ಮರೆವು, ಮೈತುಂಬ ಮೊಡವೆ. ಆ ಸ್ಥಿತಿಗೆ ಬ್ರೋಮಿಸಂ ಎಂಬ ಹೆಸರೇ ಬಂತು. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಫಿನೊಬಾರ್ಬಿಟಾಲಿನ ಗುಣ ಕಂಡುಕೊಂಡ. ಅದು ಮೊದಲು ನಿದ್ದೆಯ ಮಾತ್ರೆ! ಮಂಪರು ತರದೆ ಮೂರ್ಛೆ ತಡೆಯುವ ಔಷಧವನ್ನು ಬಾಸ್ಟನ್ನಿನ ಮೆರಿಟ್ ಮತ್ತು ಪಟ್ನಮ್ ಬೆಕ್ಕುಗಳ ಮೇಲೆ ಪರೀಕ್ಷಿಸುತ್ತ ಹುಡುಕಿದರು. 1938ರಲ್ಲಿ ಫೆನಿಟಾಯ್ನ್ ಬಂತು. ಅಂದರೆ ಮನಸ್ಸು ಮಂಕಾಗುವುದು ಹೊಸ ದೂರಲ್ಲ. ಹೊಸ ಔಷಧಗಳ ಹುಡುಕಾಟಕ್ಕೆ ಅದೂ ಒಂದು ಕಾರಣ.

ನಮ್ಮ ನಾಡಿನ ಅಧ್ಯಾಯ ಯಳಂದೂರಿನದು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಅಲ್ಲಿ ಮನೆಮನೆ ಸಮೀಕ್ಷೆ ನಡೆಸಿ, ರೋಗಿಗಳಿಗೆ ಫಿನೊಬಾರ್ಬಿಟಾಲ್ ಅಥವಾ ಫೆನಿಟಾಯ್ನ್ ಕೊಟ್ಟರು. ಹಳ್ಳಿಯಲ್ಲೂ ಅಗ್ಗದ ಮಾತ್ರೆಯಿಂದ ಮೂರ್ಛೆ ಹತೋಟಿಗೆ ಬರುತ್ತದೆ ಎಂದು ತೋರಿಸಿದ ಆ ಕೆಲಸ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಬಿದ್ದವನ ಕೈಗೆ ಬೀಗದ ಕೈ ತುರುಕುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಅದಕ್ಕೂ ಮುಂಚೆ, 1998ರಲ್ಲಿ, ಪಶ್ಚಿಮ ಬಂಗಾಳದ ಹಳ್ಳಿಗಳ 94 ಮಕ್ಕಳ ಅಧ್ಯಯನವೂ ಅದೇ ಪತ್ರಿಕೆಯಲ್ಲಿ ಬಂದಿತ್ತು. ಫಿನೊಬಾರ್ಬಿಟಾಲ್ ಮಕ್ಕಳ ನಡವಳಿಕೆ ಕೆಡಿಸುತ್ತದೆ ಎಂಬ ಅಪವಾದವನ್ನು ಅಲ್ಲಿ ಪರೀಕ್ಷಿಸಿದ್ದರು. ಫೆನಿಟಾಯ್ನ್‌ಗಿಂತ ಅದು ಹೆಚ್ಚು ಕೆಟ್ಟದ್ದಾಗಿ ಕಾಣಲಿಲ್ಲ. ನನಗೆ ಮುಖ್ಯವೆನಿಸಿದ್ದು ಫಲಿತಾಂಶಕ್ಕಿಂತ ಆ ಪ್ರಶ್ನೆ: ಮಗು ಹೇಗಿದೆ?

ಈ ಪ್ರಶ್ನೆಯನ್ನು ನಾವೂ ಎತ್ತುವುದಿಲ್ಲ. ಪದೇಪದೇ ಮೂರ್ಛೆ ಬರುವವರ ಮದುವೆಗೆ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅಡ್ಡಿಯನ್ನು ತೆಗೆದದ್ದೇ 1999ರಲ್ಲಿ. ಕಾಯಿಲೆಯನ್ನೇ ಮುಚ್ಚಿಡುವವರು ಮಾತ್ರೆಯಿಂದ ಸಿಟ್ಟು ಬರುತ್ತಿದೆ, ಹೆಸರು ಮರೆಯುತ್ತಿದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಅದೇ 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನನ್ನ ಮಾತ್ರೆಯ ಜೊತೆಗಿನ ಕಾಗದದಲ್ಲಿ ಸಿಡುಕು, ಖಿನ್ನತೆ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ನಾನೇ ಓದಿರಲಿಲ್ಲ.

ಮಾತ್ರೆಯನ್ನು ನಾನಾಗಿ ನಿಲ್ಲಿಸಲಿಲ್ಲ. ಥಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆದೊಯ್ದೆ. ಅವಳು ಎರಡು ತಿಂಗಳ ಜಗಳಗಳನ್ನು ತಾರೀಖಿನ ಸಮೇತ ಹೇಳಿದಳು. ವೈದ್ಯರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಈಗ ಬೇರೆ ಮಾತ್ರೆಗೆ ನಿಧಾನವಾಗಿ ಬದಲಾಗುತ್ತಿದ್ದೇನೆ. ಮಗಳು ಇನ್ನೂ ಲೋಟವನ್ನು ಎರಡು ಕೈಯಲ್ಲಿ ಹಿಡಿದೇ ನೀರು ಕುಡಿಯುತ್ತಾಳೆ.