ಪಿಟೀಲಿನ ಕೆಳಗೆ ಕೇಳಿಸುವ ಕಾಲಿನ ಸದ್ದು

ಕೆನಡಾದ ಅಕೇಡಿಯನ್ ಜನರ ಪಿಟೀಲನ್ನ ಒಮ್ಮೆ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಎಷ್ಟೋ ಕಡೆ ರಾಗದ ಕೆಳಗೆ ಟಕಟಕ ಅಂತ ಒಂದು ತಾಳ ಓಡ್ತಾ ಇರುತ್ತೆ. ಮೊದಲ ಸಲ ನಾನು ಡ್ರಮ್ ಅಂದುಕೊಂಡಿದ್ದೆ. ಅಲ್ಲ, ಅದು ಶೂ ಸದ್ದು. ಪಿಟೀಲು ನುಡಿಸುವವರೇ ಕುರ್ಚಿ ಮೇಲೆ ಕೂತು, ಎರಡೂ ಪಾದಗಳಿಂದ ಮರದ ನೆಲ ಬಡಿದು ತಾಳ ಹಾಕ್ತಾರೆ.

ಯಾರಿವರು? 1600ರ ದಶಕದಲ್ಲಿ ಫ್ರಾನ್ಸಿನಿಂದ ಹೋಗಿ, ಇವತ್ತಿನ ನೋವಾ ಸ್ಕೋಷಿಯಾ ಸುತ್ತಮುತ್ತ ನೆಲೆಸಿದ ರೈತರು. ಸಮುದ್ರದ ಉಬ್ಬರಕ್ಕೆ ಒಡ್ಡು ಕಟ್ಟಿ, ಜೌಗು ನೆಲವನ್ನ ಹೊಲ ಮಾಡಿಕೊಂಡವರು. 1713ರಲ್ಲಿ ಆ ನೆಲ ಬ್ರಿಟಿಷರ ಪಾಲಾಯಿತು. ಬ್ರಿಟನ್ ರಾಜನಿಗೆ ಷರತ್ತಿಲ್ಲದೆ ನಿಷ್ಠೆಯ ಪ್ರಮಾಣ ಮಾಡೋಕೆ ಇವರು ಒಪ್ಪಲಿಲ್ಲ. 1755ರ ಸೆಪ್ಟೆಂಬರ್ 5ರಂದು ಗ್ರಾಂ-ಪ್ರೇ ಊರಿನ ಗಂಡಸರನ್ನ ಚರ್ಚಿಗೆ ಕರೆಸಿದ ಸೇನಾಧಿಕಾರಿ ಜಾನ್ ವಿನ್‌ಸ್ಲೋ, ಅವರ ಜಮೀನು, ದನಕರು ಎಲ್ಲ ಇನ್ನು ರಾಜನದ್ದು, ಅವರೆಲ್ಲ ಊರು ಬಿಡಬೇಕು ಅಂತ ಆದೇಶ ಓದಿದ. ಮುಂದಿನ ವರ್ಷಗಳಲ್ಲಿ 10,000ಕ್ಕೂ ಹೆಚ್ಚು ಜನರನ್ನ ಹಡಗಿನಲ್ಲಿ ತುಂಬಿ ಕಳಿಸಿದರು. ರೋಗ ಬಂದು, ಹಡಗು ಮುಳುಗಿ ಸಾವಿರಾರು ಜನ ಸತ್ತರು.

ತಿರುಗಿ ಬಂದವರಿಗೆ ಹಳೇ ಹೊಲ ಸಿಗಲಿಲ್ಲ. ಕೇಪ್ ಬ್ರೆಟನ್ ದ್ವೀಪದ ಶೆಟಿಕ್ಯಾಂಪ್‌ನಂಥ ಕರಾವಳಿ ಊರುಗಳಲ್ಲಿ ಮೀನು ಹಿಡಿದು ಬದುಕಿದರು. ಅಕ್ಕಪಕ್ಕದ ಸ್ಕಾಟ್ಲೆಂಡ್ ಮೂಲದವರ ಕುಣಿತದ ಮಟ್ಟುಗಳನ್ನೂ ಕಲಿತು ತಮ್ಮದಾಗಿಸಿಕೊಂಡರು. ಸಭಾಂಗಣ ಎಲ್ಲಿಂದ ಬರಬೇಕು? ಅಡುಗೆಮನೆಯ ಮೇಜು ಸರಿಸಿದರೆ ಅದೇ ಕುಣಿಯೋ ಜಾಗ. ಪಿಟೀಲು ಇಲ್ಲದ ರಾತ್ರಿ ಬಾಯಲ್ಲೇ ರಾಗ ಹಾಕಿ ಕುಣಿದರು.

ಇದೇ ಜನರ ಇನ್ನೊಂದು ಕವಲು ದೂರದ ಅಮೆರಿಕದ ಲೂಸಿಯಾನಾ ಸೇರಿತು. ಅಲ್ಲಿ ಅಕೇಡಿಯನ್ ಅನ್ನೋ ಹೆಸರೇ ಸವೆದು ಕೇಜನ್ ಆಯಿತು. 1921ರ ರಾಜ್ಯ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಅಂದಿತು. ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆ. ಗಡೀಪಾರಿಗೂ ಬಗ್ಗದ ಸಂಗೀತ ನಾಚಿಕೆಗೆ ಬಗ್ಗಿತು. ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಫ್ರೆಂಚ್ ಮಾತಾಡೋದನ್ನೇ ಬಿಟ್ಟರು. ಹಾಡು, ಪಿಟೀಲು ಎರಡೂ ಹಳ್ಳಿಗಮಾರರದ್ದು ಅನ್ನಿಸಿಕೊಂಡವು.

1964ರಲ್ಲಿ ಡ್ಯೂಯಿ ಬಾಲ್ಫಾ ಅನ್ನೋ ಕೇಜನ್ ಸಂಗೀತಗಾರ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಗಿಟಾರ್ ಹಿಡಿದು ಹೋದರು. ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಅವರಿಗೆ ಸಾಲಲಿಲ್ಲ. ಆ ಚಪ್ಪಾಳೆ ತಮ್ಮೂರಲ್ಲಿ ಕೇಳಿಸಬೇಕಿತ್ತು. 1974ರಲ್ಲಿ ಲಫಾಯೆಟ್ ಪಟ್ಟಣದಲ್ಲಿ ಕೇಜನ್ ಸಂಗೀತಕ್ಕೇ ಅಂತ ದೊಡ್ಡ ಕಾರ್ಯಕ್ರಮ ನಡೀತು. ಆಮೇಲೆ ಬಾಲ್ಫಾ ಶಾಲೆಗಳಿಗೇ ಹೋಗಿ ಮಕ್ಕಳ ಎದುರು ಪಿಟೀಲು ನುಡಿಸಿದರು. ಹೌದು, ಒಂದು ಕಾಲಕ್ಕೆ ಫ್ರೆಂಚ್ ಆಡಿದ್ದಕ್ಕೆ ಏಟು ಕೊಡ್ತಿದ್ದಂಥ ಶಾಲೆಗಳಿಗೇ.

ರಾಗ ಈಗ ನಮ್ಮ ಫೋನಲ್ಲೇ ಸಿಗುತ್ತೆ. ಆದರೆ ಕಾಲು ಎಲ್ಲಿ ಬಡೀಬೇಕು ಅನ್ನೋದನ್ನ, ಕುಣಿಯೋರ ಎದುರು ಕೂತು, ಗೊತ್ತಿರೋರನ್ನ ನೋಡಿಯೇ ಕಲೀಬೇಕು. ಅದಕ್ಕೆ ಅಂಥ ಮನೆಗಳು ಉಳೀಬೇಕು. ಈಗ ಇನ್ನೊಮ್ಮೆ ಕೇಳಿ, ಪಿಟೀಲು ಬಿಟ್ಟು ಬರೀ ಕಾಲನ್ನ.