ಮಳಖೇಡದ ಹಿತಾಹಿತ

ಸೇಡಂ ತಾಲೂಕಿನ ಮಳಖೇಡವೆಂದೊಡನೆ ಕನ್ನಡ ಓದಿದವರಿಗೆ ಕವಿರಾಜಮಾರ್ಗದ ನೆನಪಾಗುವುದು ಸಹಜ. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಆದರೆ ಆ ದೊರೆಯ ಹೆಸರಿನೊಡನೆ ಒಂದು ವೈದ್ಯಗ್ರಂಥವೂ ಸೇರಿಬಂದಿದೆಯೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಯವಿಲ್ಲ. ಜೈನ ವೈದ್ಯಾಚಾರ್ಯನಾದ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವೇ ಅದು. 1940ರಲ್ಲಿ ಸೊಲ್ಲಾಪುರದಿಂದ ಅದು ಅಚ್ಚಾಗಿ ಹೊರಬಂದಿತು. ಮಾಂಸವಿಲ್ಲದೆಯೇ ಚಿಕಿತ್ಸೆ ನಡೆಸಬಹುದೆಂಬುದು ಉಗ್ರಾದಿತ್ಯನ ಪಕ್ಷ. ಈ ವಾದವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದನೆಂದು ಗ್ರಂಥದ ಕೊನೆಗೆ ಸೇರಿರುವ ‘ಹಿತಾಹಿತಾಧ್ಯಾಯ’ದಿಂದ ತಿಳಿಯುತ್ತದೆ.

ಈ ಹಿತಾಹಿತವೆಂಬ ಮಾತು ನನ್ನ ಮನಸ್ಸಿಗೆ ನಾಟಲು ಬೇರೆ ಕಾರಣವಿದೆ. ನನಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಯಿತು. ನಾನೊಬ್ಬನೇ ಅಲ್ಲ; ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನರು ಮಧುಮೇಹಿಗಳು. ಇದು ಒಂದು ದಿನ ಬಂದು ಇನ್ನೊಂದು ದಿನ ಹೋಗುವ ರೋಗವಲ್ಲ. ಇದರೊಡನೆ ಬಾಳುವುದೆಂದರೆ ಬೆಳಗಿನಿಂದ ರಾತ್ರಿಯವರೆಗೆ ಯಾವುದು ಹಿತ, ಯಾವುದು ಅಹಿತ ಎಂದು ಆರಿಸಿಕೊಳ್ಳುತ್ತ ಹೋಗುವುದೇ ಆಗಿದೆ.

ಹಳೆಯ ವೈದ್ಯರು ಪ್ರಮೇಹವನ್ನು ಬಲ್ಲವರಾಗಿದ್ದರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಅವರು ಕಂಡಿದ್ದರು. ಸುಶ್ರುತನು ಈ ರೋಗದಲ್ಲಿ ಎರಡು ಬಗೆ ಹೇಳುತ್ತಾನೆ: ಹುಟ್ಟಿನಿಂದಲೇ ಬಂದದ್ದು, ಅಪಥ್ಯದಿಂದ ಬಂದದ್ದು. ಮೊದಲನೆಯವನು ಕೃಶ, ಬಹಳ ನೀರು ಕುಡಿಯುವವನು. ಎರಡನೆಯವನು ಸ್ಥೂಲ, ಹೆಚ್ಚು ಉಂಡು ಮಲಗುವವನು. ಇಂದಿನ ವೈದ್ಯರ ಒಂದನೆಯ ಮತ್ತು ಎರಡನೆಯ ಬಗೆಯ ಮಧುಮೇಹಗಳಿಗೆ ಇದು ಎಷ್ಟು ಹತ್ತಿರ! ಚಿಕಿತ್ಸೆಯೆಂದು ಅವರು ಹೇಳಿದ್ದರಲ್ಲಿ ಮದ್ದಿನಷ್ಟೇ ದಿನಚರಿಯೂ ಇದೆ: ಜವೆಗೋದಿ, ಕಾಡುಧಾನ್ಯ, ವ್ಯಾಯಾಮ. ಬಡ ರೋಗಿಯು ನೂರು ಯೋಜನ ನಡೆಯಲಿ, ಹೊಲ ಉಳಲಿ, ಬಾವಿ ತೋಡಲಿ ಎನ್ನುವವರೆಗೂ ಸುಶ್ರುತನ ಸಲಹೆ ಸಾಗುತ್ತದೆ.

ಇಷ್ಟರಿಂದ ಹಳೆಯದೆಲ್ಲವೂ ಹೊನ್ನೆಂದು ತಿಳಿಯಬಾರದು. ಆ ನಡಿಗೆಯನ್ನು ಪಾದರಕ್ಷೆಯಿಲ್ಲದೆ ನಡೆಯಬೇಕೆಂಬ ಮಾತೂ ಅಲ್ಲಿಯೇ ಇದೆ. ಶಹಾಬಾದಿನ ಹಾಸುಗಲ್ಲು ಏಪ್ರಿಲ್ ಬಿಸಿಲಿನಲ್ಲಿ ಹೇಗೆ ಕಾಯುತ್ತದೆಂದು ಬಲ್ಲವರು ಈ ಮಾತನ್ನು ಪಾಲಿಸಲಾರರು. ರೋಗ ಹಳೆಯದಾದಂತೆ ಪಾದದ ಸ್ಪರ್ಶ ಕುಂದುತ್ತದೆ. ಸುಟ್ಟರೂ ಚುಚ್ಚಿದರೂ ತಿಳಿಯುವುದಿಲ್ಲ. ಗಾಯ ಮಾಯದೆ ಕಾಲನ್ನೇ ಕಳೆದುಕೊಂಡವರುಂಟು. ಆದುದರಿಂದ ನಡೆಯುವುದು ಹಿತ, ಬರಿಗಾಲು ಅಹಿತ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳುವುದು ದಿನದ ಕರ್ತವ್ಯವೆಂದೇ ಹೇಳಬೇಕು.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಸುಶ್ರುತನು ಗುರುತಿಸಿದ ಆ ಕೃಶ ರೋಗಿಯನ್ನು ಬದುಕಿಸುವ ಉಪಾಯ ಸಾವಿರಾರು ವರ್ಷ ಯಾವ ದೇಶದ ವೈದ್ಯನಲ್ಲಿಯೂ ಇರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಅವರ ಸಂಗಡಿಗರು ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕ ಅದರ ಬಲದಿಂದ ಸಾವಿನ ಬಾಯಿಯಿಂದ ಪಾರಾದನು. ಮುಂದೆ 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಮೆಟ್‌ಫಾರ್ಮಿನ್ನನ್ನು ಮಧುಮೇಹಕ್ಕೆ ಬಳಸಿದ ಫಲವನ್ನು ಪ್ರಕಟಿಸಿದನು. ಆ ಮಾತ್ರೆಯ ಮೂಲ ಯುರೋಪಿನ ಒಂದು ಗಿಡಮೂಲಿಕೆಯಲ್ಲಿದೆ! ಮೂಲಿಕೆ ಔಷಧಿಯಾದದ್ದು ಅದರ ಸತ್ವವನ್ನು ಅರಿತು, ಶೋಧಿಸಿ, ಪ್ರಮಾಣ ಗೊತ್ತುಮಾಡಿದ ಮೇಲೆ.

ಈ ಚರಿತ್ರೆಯನ್ನು ಹೇಳುವುದರ ಉದ್ದೇಶ ಪಾಂಡಿತ್ಯಪ್ರದರ್ಶನವಲ್ಲ. ನಮ್ಮ ಭಾಗದಲ್ಲಿ ಎರಡು ತಪ್ಪು ತಿಳುವಳಿಕೆಗಳು ಜನರನ್ನು ಕೆಡಿಸುತ್ತಿವೆ. ಚಿಂಚೋಳಿಯ ಕಡೆಯ ಹಿರಿಯರೊಬ್ಬರು, “ಸರ, ಜ್ವಾಳದ ರೊಟ್ಟಿ ತಿಂದವಗ ಶುಗರ್ ಹ್ಯಾಂಗ ಬರ್ತದ್ರಿ?” ಎಂದು ನನ್ನನ್ನು ಕೇಳಿದರು. ಬೇರಿನ ಕಷಾಯ ನಂಬಿ ಅವರು ಇನ್ಸುಲಿನ್ ಬಿಟ್ಟಿದ್ದರು. ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪು ಒಳ್ಳೆಯ ಊಟವೇ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ಜೋಳದಲ್ಲಿಯೂ ಪಿಷ್ಟವಿದೆ. ರೊಟ್ಟಿಗಳನ್ನು ಎಣಿಸಿ ತಿನ್ನಬೇಕು. ಇನ್ಸುಲಿನ್ ಬೇಕಾದವನಿಗೆ ಎಷ್ಟು ರೊಟ್ಟಿ ತಿಂದರೂ ಅದು ಇನ್ಸುಲಿನ್ ಆಗುವುದಿಲ್ಲ. ಚಿತ್ತಾಪುರದ ಗೆಳೆಯರೊಬ್ಬರದು ಇದಕ್ಕೆ ತದ್ವಿರುದ್ಧ: ಮಾತ್ರೆ ನುಂಗಿದೆನಲ್ಲ, ಇನ್ನು ನಡೆಯುವುದೇಕೆ ಎಂಬ ಧೋರಣೆ. ಮೊದಲನೆಯವರು ಟೊರಾಂಟೊವನ್ನು ಬಿಟ್ಟರು, ಎರಡನೆಯವರು ಸುಶ್ರುತನನ್ನು ಬಿಟ್ಟರು.

ಕಾಲ ಬದಲಾದಂತೆ ದಿನಚರಿಯೂ ಬದಲಾಗಿದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹರಿಯಿತು. ಅನಂತರ ಸಿಮೆಂಟಿನ ಕಾರಖಾನೆಗಳು ಬಂದವು. ಅವುಗಳೊಡನೆ ರಾತ್ರಿಯ ಪಾಳಿಯೂ ಬಂದಿತು. ಸೂರ್ಯನನ್ನು ನೋಡಿ ಉಣ್ಣುವ ಹಳೆಯ ನಿಯಮ ಪಾಳಿಯ ಕೆಲಸಗಾರನಿಗೆ ಒದಗದು. ಅವನು ತನ್ನ ಊಟದ ಮತ್ತು ಔಷಧಿಯ ವೇಳೆಯನ್ನು ವೈದ್ಯರೊಡನೆ ಗೊತ್ತುಮಾಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವನ ಜೇಬಿನಲ್ಲಿ ಸಕ್ಕರೆಯ ಪೊಟ್ಟಣವೂ ಇರಬೇಕು. ಬೆವರಿ ಕೈ ನಡುಗಿದರೆ ಮೂರು ಚಮಚ ಸಕ್ಕರೆಯೇ ಆಗ ಹಿತ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದರೊಳಗೊಂದು ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಮಡಕೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ಇಟ್ಟರೆ ನಮ್ಮ ಬೇಸಿಗೆಯಲ್ಲಿಯೂ ತಂಪಾಗಿರುತ್ತದೆ.

ಎಳ್ಳ ಅಮಾವಾಸ್ಯೆಗೆ ನಾನೂ ಹೊಲಕ್ಕೆ ಹೋಗುತ್ತೇನೆ. ಸಜ್ಜೆರೊಟ್ಟಿ ಒಂದು, ಭಜ್ಜಿ ಬೇಕಾದಷ್ಟು, ಹೋಳಿಗೆ ಅರ್ಧ. ಉಂಡ ಮೇಲೆ ಬದುವಿನ ಮೇಲೆ ಒಂದು ಸುತ್ತು. ಹಬ್ಬ ತಪ್ಪಿಸಿಕೊಂಡಂತೆ ನನಗೆ ಅನಿಸುವುದಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸುತ್ತೇನೆ. ಉಗ್ರಾದಿತ್ಯನು ದೊರೆಯ ಸಭೆಯಲ್ಲಿ ಮಾಡಿದ ಹಿತಾಹಿತದ ವಿಚಾರ ಒಂದು ದಿನದ್ದು. ಮಧುಮೇಹಿಯು ತನ್ನ ಮನೆಯಲ್ಲಿ ಮಾಡಬೇಕಾದದ್ದು ದಿನದಿನದ್ದು.